ಮಗುವಿನ ಕಲಿಕೆಯ ತೊಡಕನ್ನು ಅಳೆಯುವವರಾಗಲು: ಆರ್‌ಸಿಐ ನೋಂದಣಿಯಿಂದ ಮೊದಲ ವರದಿಯವರೆಗೆ

‘ನಿಮ್ಮ ಮಗಳನ್ನು ಒಮ್ಮೆ ಅಸೆಸ್‌ಮೆಂಟ್ ಮಾಡಿಸಿಕೊಂಡು ಬನ್ನಿ’ ಎಂದು ಶಾಲೆಯವರು ಹೇಳಿ ಕಳಿಸುತ್ತಾರೆ. ಯಾರ ಬಾಗಿಲು ತಟ್ಟಬೇಕೆಂದು ತಂದೆತಾಯಿಗೆ ತಿಳಿಯುವುದಿಲ್ಲ. ಒಬ್ಬರು ಮಕ್ಕಳ ಡಾಕ್ಟರ ಹತ್ತಿರ ಹೋಗಿ ಅನ್ನುತ್ತಾರೆ, ಇನ್ನೊಬ್ಬರು ಕೌನ್ಸೆಲರ್ ಅನ್ನುತ್ತಾರೆ, ಮತ್ತೊಬ್ಬರು ಅರ್ಧ ಗಂಟೆಯಲ್ಲಿ ವರದಿ ಕೈಗಿಡುವ ಸೆಂಟರಿನ ನಂಬರು ಕೊಡುತ್ತಾರೆ. ಹೀಗೆ ಸಿಕ್ಕ ವರದಿಯನ್ನು ಬೋರ್ಡು ಒಪ್ಪದೆ ಹಿಂದಿರುಗಿಸಿದಾಗ ಮಗು ಹತ್ತನೇ ತರಗತಿಯ ಅಂಚಿಗೆ ಬಂದಿರುತ್ತದೆ. ತಪ್ಪು ಆ ತಂದೆತಾಯಿಯದಲ್ಲ. ಅಳೆಯುವ ಅಧಿಕಾರವಿದ್ದು, ಕನ್ನಡದ ಮಗುವನ್ನು ಕನ್ನಡದಲ್ಲೇ ಅಳೆಯಬಲ್ಲವರು ನಮ್ಮ ಜಿಲ್ಲೆ ತಾಲೂಕುಗಳಲ್ಲಿ ಕಡಿಮೆ ಇದ್ದಾರೆ.

ಆ ಕೆಲಸಕ್ಕೆ ಬರಬೇಕೆಂದಿರುವ ಶಿಕ್ಷಕರಿಗೆ, ಸೈಕಾಲಜಿ ಓದುತ್ತಿರುವವರಿಗೆ, ವಿಶೇಷ ಶಿಕ್ಷಣದ ಡಿಪ್ಲೊಮಾ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರಿಗೆ ಈ ಮಾರ್ಗದರ್ಶಿ. ಭಾರತದಲ್ಲಿ ‘ಅಸೆಸ್‌ಮೆಂಟ್ ಸ್ಪೆಷಲಿಸ್ಟ್’ ಎಂಬ ಹೆಸರಿನ ಪ್ರತ್ಯೇಕ ಲೈಸೆನ್ಸ್ ಇಲ್ಲ. ಇರುವುದು ಬೇರೆ ಬೇರೆ ವೃತ್ತಿಗಳು, ಒಂದೊಂದಕ್ಕೂ ಅಳೆಯಲು ಒಂದೊಂದು ಎಲ್ಲೆ. ನಿಮ್ಮ ಎಲ್ಲೆ ಯಾವುದೆಂದು ಮೊದಲೇ ಗೊತ್ತುಮಾಡಿಕೊಂಡರೆ ಕೋರ್ಸಿನ ಆಯ್ಕೆ ಸುಲಭವಾಗುತ್ತದೆ.

ಮೊದಲು ಕಾನೂನು ಏನು ಹೇಳುತ್ತದೆ

ಭಾರತೀಯ ಪುನರ್ವಸತಿ ಪರಿಷತ್ತು, ಎಲ್ಲರ ಬಾಯಲ್ಲಿ ಆರ್‌ಸಿಐ, 1992ರ ಕಾಯ್ದೆಯಿಂದ ಅಧಿಕಾರ ಪಡೆದ ಸಂಸ್ಥೆ. ವಿಕಲಚೇತನರೊಂದಿಗೆ ಕೆಲಸ ಮಾಡುವ 16 ವರ್ಗದ ವೃತ್ತಿಪರರ ಓದು ಮತ್ತು ನೋಂದಣಿಯನ್ನು ಅದು ನೋಡಿಕೊಳ್ಳುತ್ತದೆ. ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್, ಪುನರ್ವಸತಿ ಮನಶ್ಶಾಸ್ತ್ರಜ್ಞರು, ಆಡಿಯಾಲಜಿಸ್ಟ್, ವಾಕ್ ಚಿಕಿತ್ಸಕರು ಎಲ್ಲರೂ ಇದರೊಳಗೆ ಬರುತ್ತಾರೆ. ಇವರ ಹೆಸರು ಸೇರುವ ಪುಸ್ತಕವೇ ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕ, ಅಂದರೆ ಸಿಆರ್‌ಆರ್. ‘ನಿಮ್ಮ ಆರ್‌ಸಿಐ ನಂಬರ್ ಎಷ್ಟು?’ ಎಂದು ಆಸ್ಪತ್ರೆ, ಶಾಲೆಗಳಲ್ಲಿ ಕೇಳುವುದು ಇದರ ಕ್ರಮಸಂಖ್ಯೆಯನ್ನು.

ಕಾಯ್ದೆಯ 13ನೇ ಕಲಮನ್ನು ಈ ದಾರಿಗೆ ಬರುವ ಪ್ರತಿಯೊಬ್ಬರೂ ಒಮ್ಮೆ ಪೂರ್ತಿ ಓದಬೇಕು. ಮಾನ್ಯತೆ ಪಡೆದ ಅರ್ಹತೆ ಮತ್ತು ಈ ಪುಸ್ತಕದಲ್ಲಿ ಹೆಸರು, ಇವೆರಡೂ ಇರುವವರನ್ನು ಬಿಟ್ಟು ಬೇರೆ ಯಾರೂ ಪುನರ್ವಸತಿ ವೃತ್ತಿಪರರಾಗಿ ಕೆಲಸ ಮಾಡುವಂತಿಲ್ಲ. ಕಾನೂನಿನ ಪ್ರಕಾರ ಇಂಥ ವೃತ್ತಿಪರರೇ ಸಹಿ ಮಾಡಬೇಕಾದ ಪ್ರಮಾಣಪತ್ರಕ್ಕೆ ಸಹಿ ಹಾಕುವಂತಿಲ್ಲ. ತಜ್ಞರಾಗಿ ಸಾಕ್ಷ್ಯ ನುಡಿಯುವಂತಿಲ್ಲ. ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ ಅಥವಾ ಎರಡೂ. ದಂಡದ ಮೊತ್ತ ಇಂದಿನ ಕಾಲಕ್ಕೆ ಸಣ್ಣದಾಗಿ ಕಾಣಬಹುದು. ಆದರೆ ನಂಬರಿಲ್ಲದ ಸಹಿಯ ವರದಿ ಮಗುವಿನ ಎರಡು ವರ್ಷವನ್ನು ನುಂಗಿಬಿಡಬಲ್ಲದು. ನನ್ನ ದೃಷ್ಟಿಯಲ್ಲಿ ಅದೇ ದೊಡ್ಡ ಅಪರಾಧ.

ಎರಡನೆಯದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಅದು 21 ಬಗೆಯ ವೈಕಲ್ಯಗಳನ್ನು ಹೆಸರಿಸಿತು. ಡಿಸ್ಲೆಕ್ಸಿಯಾ (ಓದಿನ ತೊಡಕು), ಡಿಸ್‌ಗ್ರಾಫಿಯಾ (ಬರಹದ ತೊಡಕು), ಡಿಸ್‌ಕ್ಯಾಲ್ಕುಲಿಯಾ (ಲೆಕ್ಕದ ತೊಡಕು) ಮುಂತಾದವು ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂಬ ಹೆಸರಿನಲ್ಲಿ ಕಾನೂನಿನ ರಕ್ಷಣೆಗೆ ಬಂದದ್ದು ಆಗಲೇ. ಶಾಲೆಗೆ ಹೋಗುವ ಮಕ್ಕಳಲ್ಲಿ ಇಂಥವರನ್ನು ಗುರುತಿಸಲು ಐದು ವರ್ಷಕ್ಕೊಮ್ಮೆ ಸಮೀಕ್ಷೆ ನಡೆಸಬೇಕೆಂದು 17ನೇ ಕಲಮು ಸರ್ಕಾರಕ್ಕೆ ಹೇಳುತ್ತದೆ. ಅಳೆಯುವವರಿಗೆ ಬೇಡಿಕೆ ಹೆಚ್ಚಿದ್ದರ ಮೂಲ ಇಲ್ಲಿದೆ.

ಹಂತ 1: ಯಾವ ಕಾಗದದ ಮೇಲೆ ನಿಮ್ಮ ಸಹಿ ಇರಬೇಕು?

ಒಂದೇ ಮಗುವಿನ ಸುತ್ತ ನಾಲ್ಕು ಬೇರೆ ಕೆಲಸಗಳು ನಡೆಯುತ್ತವೆ. ಊರಿನಲ್ಲಿ ನಾಲ್ಕಕ್ಕೂ ‘ಅಸೆಸ್‌ಮೆಂಟ್’ ಅನ್ನುವುದರಿಂದ ಗೊಂದಲ.

ಮೊದಲನೆಯದು ಆರಂಭಿಕ ಗುರುತಿಸುವಿಕೆ, ಸ್ಕ್ರೀನಿಂಗ್. ಇದನ್ನು ತರಗತಿಯ ಶಿಕ್ಷಕರೇ ಮಾಡಬಹುದು, ಮಾಡಲೂಬೇಕು. ಎನ್‌ಸಿಇಆರ್‌ಟಿ 2022ರಲ್ಲಿ ತಂದ ಪ್ರಶಸ್ತ್ ಪಟ್ಟಿ ಮತ್ತು ಆ್ಯಪ್ ಇದಕ್ಕಾಗಿಯೇ ಇದೆ. ಮೊದಲ ಭಾಗವನ್ನು ಸಾಮಾನ್ಯ ಶಿಕ್ಷಕರು ತುಂಬುತ್ತಾರೆ, ಎರಡನೆಯದನ್ನು ವಿಶೇಷ ಶಿಕ್ಷಕರು ನೋಡುತ್ತಾರೆ. ಇಲ್ಲಿ ಹೇಳಬಹುದಾದ್ದು ‘ಈ ಮಗುವನ್ನು ಇನ್ನಷ್ಟು ನೋಡಬೇಕು’ ಎಂಬಷ್ಟೇ. ‘ಡಿಸ್ಲೆಕ್ಸಿಯಾ ಇದೆ’ ಎಂದು ಇಲ್ಲಿ ಯಾರೂ ಬರೆಯುವಂತಿಲ್ಲ.

ಎರಡನೆಯದು ಶೈಕ್ಷಣಿಕ ಮೌಲ್ಯಮಾಪನ. ಮಗು ಓದಿನಲ್ಲಿ, ಬರಹದಲ್ಲಿ, ಲೆಕ್ಕದಲ್ಲಿ, ದಿನನಿತ್ಯದ ಕೆಲಸಗಳಲ್ಲಿ ಈಗ ಯಾವ ಮೆಟ್ಟಿಲಲ್ಲಿದೆ, ಮುಂದಿನ ಮೆಟ್ಟಿಲು ಯಾವುದು ಎಂದು ಕಂಡುಹಿಡಿದು ಐಇಪಿ, ಅಂದರೆ ಆ ಮಗುವಿಗಷ್ಟೇ ಹೊಂದುವ ಕಲಿಕಾ ಯೋಜನೆ ಬರೆಯುವುದು. ಇದು ಆರ್‌ಸಿಐ ನೋಂದಣಿ ಇರುವ ವಿಶೇಷ ಶಿಕ್ಷಕರ ಹೊಲ. ಬುದ್ಧಿಸೂಚ್ಯಂಕ (ಐಕ್ಯೂ) ಅಳೆಯುವುದು ಈ ಹೊಲದ ಬೇಲಿಯಾಚೆಗಿದೆ.

ಮೂರನೆಯದು ಮನೋಮಾಪನ ಮತ್ತು ನಿರ್ಣಯ. ಐಕ್ಯೂ ಪರೀಕ್ಷೆ, ಕಲಿಕಾ ನ್ಯೂನತೆಯ ಪೂರ್ಣ ಪರೀಕ್ಷಾ ಸರಣಿ, ಆಟಿಸಂ ಮಾಪಕ ಇವನ್ನು ನಡೆಸಿ ಅಂಕಗಳಿಗೆ ಅರ್ಥ ಹೇಳುವ ಕೆಲಸ. ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಪುನರ್ವಸತಿ ಮನಶ್ಶಾಸ್ತ್ರಜ್ಞರು ಇಲ್ಲಿ ಸಹಿ ಮಾಡುತ್ತಾರೆ. ಕಿವಿ, ಮಾತುಗಳ ಪ್ರಶ್ನೆ ಬಂದಾಗ ಆಡಿಯಾಲಜಿಸ್ಟ್ ಮತ್ತು ವಾಕ್ ಚಿಕಿತ್ಸಕರು.

ನಾಲ್ಕನೆಯದು ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡು. ಅದು ಸರ್ಕಾರ ಗೊತ್ತುಪಡಿಸಿದ ವೈದ್ಯಕೀಯ ಪ್ರಾಧಿಕಾರದ ಕೆಲಸ. ನಿಮ್ಮ ವರದಿ ಅವರ ಮುಂದೆ ಆಧಾರವಾಗಿ ಹೋಗುತ್ತದೆ. ನೀವೇ ಆ ಪ್ರಮಾಣಪತ್ರ ಕೊಡಲು ಆಗುವುದಿಲ್ಲ.

ಮಕ್ಕಳೊಂದಿಗೆ ದಿನವೂ ಕೂತು ಕಲಿಸುತ್ತಲೇ ಅಳೆಯುವ ಆಸೆ ಇದ್ದರೆ ಎರಡನೆಯದು ನಿಮ್ಮದು. ನಿರ್ಣಯ ಹೇಳುವ ಹೊಣೆ ಹೊರಲು ಸಿದ್ಧರಿದ್ದು, ಅಂಕಿಸಂಖ್ಯೆಗೆ ಹೆದರದಿದ್ದರೆ ಮೂರನೆಯದು. ಎರಡನೆಯದನ್ನು ಕೀಳೆಂದು ನೋಡುವ ರೂಢಿ ನಮ್ಮಲ್ಲಿ ಬೆಳೆದಿದೆ. ಅದು ತಪ್ಪು. ಐಕ್ಯೂ 68 ಎಂದು ತಿಳಿದ ಮಾತ್ರಕ್ಕೆ ಸೋಮವಾರ ಬೆಳಿಗ್ಗೆ ಆ ಮಗುವಿಗೆ ಏನು ಕಲಿಸಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಅದನ್ನು ಹೇಳುವುದು ಶೈಕ್ಷಣಿಕ ಮೌಲ್ಯಮಾಪನವೇ.

ಹಂತ 2: ಓದು

ವಿಶೇಷ ಶಿಕ್ಷಕರ ದಾರಿಗೆ ಮೂರು ಬಾಗಿಲುಗಳಿವೆ. ಪಿಯುಸಿ ಆದವರಿಗೆ ಎರಡು ವರ್ಷದ ಡಿ.ಎಡ್. ವಿಶೇಷ ಶಿಕ್ಷಣ. ಇದರ ಪರೀಕ್ಷೆಗಳನ್ನು ರಾಷ್ಟ್ರೀಯ ಪುನರ್ವಸತಿ ಪರೀಕ್ಷಾ ಮಂಡಳಿ, ಅಂದರೆ ಎನ್‌ಬಿಇಆರ್ ನಡೆಸುತ್ತದೆ. ಪದವಿ ಮುಗಿದವರಿಗೆ ಬಿ.ಎಡ್. ವಿಶೇಷ ಶಿಕ್ಷಣ. ಅದರ ಮೇಲೆ ಎಂ.ಎಡ್. ಒಂದೊಂದರಲ್ಲೂ ಶ್ರವಣ ದೋಷ, ದೃಷ್ಟಿ ದೋಷ, ಬೌದ್ಧಿಕ ಮತ್ತು ಬೆಳವಣಿಗೆಯ ವೈಕಲ್ಯ ಹೀಗೆ ವಿಶೇಷ ವಿಭಾಗ ಆರಿಸಿಕೊಳ್ಳಬೇಕಾಗುತ್ತದೆ. ಕಲಿಕಾ ನ್ಯೂನತೆ, ಆಟಿಸಂ ಕಡೆಗೆ ಹೋಗುವ ಮನಸ್ಸಿದ್ದರೆ ವಿಭಾಗ ಆರಿಸುವಾಗಲೇ ಅದನ್ನು ಗಮನದಲ್ಲಿಡಿ. ಸಾಮಾನ್ಯ ಬಿ.ಎಡ್. ಎಷ್ಟೇ ಒಳ್ಳೆಯ ಅಂಕದಲ್ಲಿ ಆಗಿದ್ದರೂ ಆರ್‌ಸಿಐ ನೋಂದಣಿಗೆ ಅದೊಂದೇ ಸಾಲದು.

ಮನೋಮಾಪನದ ದಾರಿ ಉದ್ದ. ಸೈಕಾಲಜಿ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿದೊಡನೆ ಪರೀಕ್ಷೆ ನಡೆಸಬಹುದೆಂದು ಬಹಳ ಮಂದಿ ತಿಳಿದಿದ್ದಾರೆ. ಆಗುವುದಿಲ್ಲ. ಅದರ ಮೇಲೆ ಆರ್‌ಸಿಐ ಮಾನ್ಯತೆಯ ವೃತ್ತಿ ತರಬೇತಿ ಬೇಕು. ದಶಕಗಳಿಂದ ಇದಕ್ಕೆ ರಾಜಮಾರ್ಗವಾಗಿದ್ದದ್ದು ಎರಡು ವರ್ಷದ ಎಂ.ಫಿಲ್. ಯುಜಿಸಿಯ 2022ರ ನಿಯಮಗಳು ಎಂ.ಫಿಲ್ ಪದವಿಯನ್ನೇ ನಿಲ್ಲಿಸಿದವು. ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್‌ಗೆ 2025–26ನೇ ಸಾಲಿನ ಪ್ರವೇಶದವರೆಗೆ ವಿನಾಯಿತಿ ಸಿಕ್ಕಿತು. ಅದರ ಜಾಗಕ್ಕೆ ಎಂ.ಎ. ಕ್ಲಿನಿಕಲ್ ಸೈಕಾಲಜಿ, ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಮುಂತಾದ ಕೋರ್ಸುಗಳು ಬಂದಿವೆ. ಪುನರ್ವಸತಿ ಮನಶ್ಶಾಸ್ತ್ರಕ್ಕೆ ಪ್ರತ್ಯೇಕ ಸ್ನಾತಕೋತ್ತರ ಡಿಪ್ಲೊಮಾ ಇದೆ. ಈ ಕ್ಷೇತ್ರದ ಕೋರ್ಸುಗಳ ರೂಪವೇ ಬದಲಾಗುತ್ತಿರುವ ಕಾಲ ಇದು. ಆದ್ದರಿಂದ ಐದು ವರ್ಷದ ಹಿಂದೆ ಓದಿದ ಅಕ್ಕ ಹೇಳಿದ್ದನ್ನು ನೆಚ್ಚಿಕೊಳ್ಳಬೇಡಿ. ನೀವು ಸೇರುವ ವರ್ಷಕ್ಕೆ ಆರ್‌ಸಿಐ ಜಾಲತಾಣದ ಪಟ್ಟಿಯಲ್ಲಿ ಏನಿದೆ ಎಂಬುದೊಂದೇ ಲೆಕ್ಕಕ್ಕೆ ಬರುತ್ತದೆ.

ನಮ್ಮ ರಾಜ್ಯದಲ್ಲೇ ಇರುವ ದೊಡ್ಡ ನೆಲೆಗಳೆಂದರೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು 1965ರಲ್ಲಿ ಶುರುವಾಗಿ ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲಿ ಬೆಳೆದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಆಯಿಷ್. ಶ್ರವಣ ದೋಷದ ವಿಶೇಷ ಶಿಕ್ಷಣದಲ್ಲಿ ಬಿ.ಎಡ್., ಎಂ.ಎಡ್. ಓದಲು ಆಯಿಷ್‌ಗಿಂತ ಒಳ್ಳೆಯ ಜಾಗ ನನಗೆ ತೋರುವುದಿಲ್ಲ. ಬೌದ್ಧಿಕ ವೈಕಲ್ಯದ ವಿಷಯಕ್ಕೆ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಎನ್‌ಐಇಪಿಐಡಿ ದೂರವೇನಲ್ಲ. ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗಂತೂ ಬೆಂಗಳೂರಿಗಿಂತ ಅದೇ ಹತ್ತಿರ.

ಹಂತ 3: ಫೀಸು ಕಟ್ಟುವ ಮುನ್ನ ಸಂಸ್ಥೆಯನ್ನೇ ಪರೀಕ್ಷಿಸಿ

ಮೂರು ಪ್ರಶ್ನೆಗಳನ್ನು ಬರಹದಲ್ಲಿ ಕೇಳಿ. ಈ ಕೋರ್ಸಿಗೆ, ಈ ಕೇಂದ್ರಕ್ಕೆ, ಈ ಶೈಕ್ಷಣಿಕ ವರ್ಷಕ್ಕೆ ಆರ್‌ಸಿಐ ಅನುಮತಿ ಪತ್ರ ಇದೆಯೇ? ಅನುಮತಿ ಎಷ್ಟು ಸೀಟಿಗೆ, ಯಾವ ವರ್ಷದವರೆಗೆ? ವಿದ್ಯಾರ್ಥಿಗಳ ಹೆಸರನ್ನು ಪರಿಷತ್ತಿನ ಪೋರ್ಟಲಿಗೆ ಯಾವಾಗ ಸೇರಿಸುತ್ತೀರಿ? ವಿಶ್ವವಿದ್ಯಾಲಯದ ಮಾನ್ಯತೆ ಬೇರೆ, ಆರ್‌ಸಿಐ ಮಾನ್ಯತೆ ಬೇರೆ. ಎರಡೂ ಇರಬೇಕು. ದೂರಶಿಕ್ಷಣಕ್ಕೂ ಇದೇ ಮಾತು.

‘ಮೂರು ತಿಂಗಳಲ್ಲಿ ಸರ್ಟಿಫೈಡ್ ಅಸೆಸರ್ ಆಗಿ’ ಎಂಬ ಆನ್‌ಲೈನ್ ಜಾಹೀರಾತುಗಳು ಬಹಳ ಓಡಾಡುತ್ತಿವೆ. ಈಗಾಗಲೇ ನೋಂದಣಿ ಇರುವವರಿಗೆ ಅಂಥ ಕೋರ್ಸಿನಿಂದ ಒಂದು ಹೊಸ ಪರೀಕ್ಷೆಯ ಬಳಕೆ ತಿಳಿಯಬಹುದು. ನೋಂದಣಿ ಇಲ್ಲದವರಿಗೆ ಅದರಿಂದ ಸಿಗುವುದು ಗೋಡೆಗೆ ತೂಗುಹಾಕುವ ಕಾಗದ ಮಾತ್ರ. ಸಿಆರ್‌ಆರ್ ನಂಬರು ಸಿಗುವುದಿಲ್ಲ, ವರದಿಗೆ ಸಹಿ ಮಾಡುವ ಹಕ್ಕೂ ಸಿಗುವುದಿಲ್ಲ.

ಪ್ರಾಯೋಗಿಕ ತರಬೇತಿಯನ್ನು ವಿಚಾರಿಸಿ. ಎಷ್ಟು ಮಕ್ಕಳನ್ನು ನೀವೇ ಕೂತು ಪರೀಕ್ಷಿಸುತ್ತೀರಿ, ನಿಮ್ಮ ವರದಿಯನ್ನು ಹಿರಿಯರು ಸಾಲು ಸಾಲಾಗಿ ತಿದ್ದುತ್ತಾರೆಯೇ? ಪರೀಕ್ಷಾ ಕಿಟ್ಟುಗಳು ಬೀರುವಿನಲ್ಲಿ ಬೀಗದೊಳಗೆ ಹೊಸದಾಗಿಯೇ ಉಳಿದಿದ್ದರೆ ಅಲ್ಲಿ ಸೇರಬೇಡಿ.

ಹಂತ 4: ಸಿಆರ್‌ಆರ್‌ಗೆ ಅರ್ಜಿ

ಕೋರ್ಸು ಮುಗಿದ ಮೇಲೆ ಪರಿಷತ್ತಿನ ಆನ್‌ಲೈನ್ ಪೋರ್ಟಲಿನಲ್ಲಿ ಅರ್ಜಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ (ಹುಟ್ಟಿದ ದಿನಾಂಕಕ್ಕೆ), ಅರ್ಹತಾ ಕೋರ್ಸಿನ ಎಲ್ಲ ಅಂಕಪಟ್ಟಿಗಳು, ಪದವಿ ಅಥವಾ ತಾತ್ಕಾಲಿಕ ಪ್ರಮಾಣಪತ್ರ, ಗುರುತಿನ ಚೀಟಿ, ಫೋಟೋ, ಸಹಿಯ ಪ್ರತಿ ಸಿದ್ಧವಿರಲಿ. ಅರ್ಜಿ ತಡವಾಗುವುದು ಹೆಚ್ಚಾಗಿ ಹೆಸರಿನ ವಿಷಯಕ್ಕೆ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮುಂದೆ, ಆಧಾರಿನಲ್ಲಿ ಹಿಂದೆ, ಮದುವೆಯ ನಂತರ ಮತ್ತೊಂದು ಹೆಸರು. ಕೋರ್ಸಿಗೆ ಸೇರುವಾಗಲೇ ಇದನ್ನೆಲ್ಲ ಒಂದೇ ರೂಪಕ್ಕೆ ತಂದುಬಿಡಿ.

ಮುಂದೆ ಇನ್ನೊಂದು ಕೋರ್ಸು ಮುಗಿಸಿದರೆ ಅದು ತಾನಾಗಿಯೇ ನಿಮ್ಮ ನೋಂದಣಿಗೆ ಸೇರುವುದಿಲ್ಲ. ಹೆಚ್ಚುವರಿ ಅರ್ಹತೆ ಎಂದು ಮತ್ತೆ ಅರ್ಜಿ ಹಾಕಬೇಕು. ಬೌದ್ಧಿಕ ವೈಕಲ್ಯದಲ್ಲಿ ನೋಂದಣಿ ಇರುವ ಶಿಕ್ಷಕರು ಶ್ರವಣ ದೋಷದ ಮಗುವಿನ ವರದಿಗೆ ಸಹಿ ಹಾಕುವ ಮುನ್ನ ಇದನ್ನು ನೆನೆಯಬೇಕು.

ಹಂತ 5: ಸಾಧನಗಳನ್ನು ಒಳಗಿನಿಂದ ತಿಳಿಯುವುದು

ನಂಬರು ಬಂದ ದಿನ ನಿಮಗೆ ಸಹಿಯ ಹಕ್ಕು ಬಂತು. ಸಹಿಗೆ ತೂಕ ಬರುವುದು ಕೈಯಲ್ಲಿರುವ ಸಾಧನ ಯಾವುದಕ್ಕೆ, ಯಾರಿಗಾಗಿ, ಯಾವ ಕಾಲದಲ್ಲಿ ಮಾಡಿದ್ದೆಂದು ತಿಳಿದ ಮೇಲೆ.

ವಿಶೇಷ ಶಿಕ್ಷಕರು ಚೆನ್ನಾಗಿ ಪಳಗಿಸಿಕೊಳ್ಳಬೇಕಾದವು ಮೂರು. ಸಿಕಂದರಾಬಾದಿನ ಸಂಸ್ಥೆಯಲ್ಲಿ ರೂಪುಗೊಂಡ ಎಫ್‌ಎಸಿಪಿ, ಬೌದ್ಧಿಕ ವೈಕಲ್ಯದ ಮಕ್ಕಳ ಕಲಿಕಾ ಯೋಜನೆಗೆ ನೇರವಾಗಿ ಒದಗುವ ತಾಳೆಪಟ್ಟಿ. ಅಲ್ಲಿಂದಲೇ ಬಂದ ಗ್ಲ್ಯಾಡ್, 1ರಿಂದ 4ನೇ ತರಗತಿವರೆಗಿನ ಪಾಠದ ಮಟ್ಟದಲ್ಲಿ ಮಗು ಎಲ್ಲಿದೆ ಎಂದು ತೋರಿಸುತ್ತದೆ. ಚೆನ್ನೈನಿಂದ ಬಂದ ಎಂಡಿಪಿಎಸ್‌ನಲ್ಲಿ 18 ಕ್ಷೇತ್ರಗಳು, ಒಂದೊಂದರಲ್ಲಿ 20 ಅಂಶ, ಒಟ್ಟು 360. ಸುಲಭದಿಂದ ಕಷ್ಟಕ್ಕೆ ಜೋಡಿಸಿರುವುದರಿಂದ ಮಗು ಎಲ್ಲಿ ನಿಂತಿತೋ ಅಲ್ಲಿಂದಲೇ ಪಾಠ ಶುರು ಮಾಡಬಹುದು.

ಮನಶ್ಶಾಸ್ತ್ರಜ್ಞರ ಕಿಟ್ಟಿನಲ್ಲಿ ಕರ್ನಾಟಕದ ಮಣ್ಣಿನ ಸಾಧನಗಳೇ ಹಲವಿವೆ. ವಿ.ವಿ. ಕಾಮತ್ ಅವರು ಬಿನೆ ಎಂಬ ಬುದ್ಧಿಮಾಪನ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಹೊಂದಿಸಿದ್ದು ಸ್ವಾತಂತ್ರ್ಯಕ್ಕೂ ಮುಂಚೆ. ಇಂದಿಗೂ ಅದು ಬಿನೆ-ಕಾಮತ್ ಪರೀಕ್ಷೆ ಎಂದು ಬಳಕೆಯಲ್ಲಿದೆ. ಹುಟ್ಟಿನಿಂದ 15 ವರ್ಷದವರೆಗಿನ ಬೆಳವಣಿಗೆಯನ್ನು 88 ಅಂಶಗಳಲ್ಲಿ ನೋಡುವ ಡಿಎಸ್‌ಟಿಯನ್ನು ಮೈಸೂರಿನ ಆಯಿಷ್‌ನಲ್ಲಿದ್ದ ಜೆ. ಭರತ್‌ರಾಜ್ ರಚಿಸಿದರು. ನಿಮ್ಹಾನ್ಸ್‌ನ ಕಲಿಕಾ ನ್ಯೂನತಾ ಪರೀಕ್ಷಾ ಸರಣಿಗೆ ಎರಡು ಹಂತ: 5ರಿಂದ 7 ವರ್ಷಕ್ಕೆ ಒಂದು, 8ರಿಂದ 12 ವರ್ಷಕ್ಕೆ ಇನ್ನೊಂದು. ಗಮನ, ಓದು, ಬರಹ, ಉಕ್ತಲೇಖನ, ಲೆಕ್ಕ, ನೆನಪು, ನೋಡಿ ಬರೆಯುವ ಕೈಚಳಕ ಎಲ್ಲವನ್ನೂ ಅದು ತಟ್ಟಿ ನೋಡುತ್ತದೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ಡಾಲಿ ಎಂಬ ಡಿಸ್ಲೆಕ್ಸಿಯಾ ಪರೀಕ್ಷಾ ಸಾಧನ ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇದೆ. ಶಿಕ್ಷಕರಿಗೆ ಸ್ಕ್ರೀನಿಂಗ್ ಪಟ್ಟಿ ಬೇರೆ, ಮನಶ್ಶಾಸ್ತ್ರಜ್ಞರಿಗೆ ಪೂರ್ಣ ಪರೀಕ್ಷೆ ಬೇರೆ.

ಆಟಿಸಂಗೆ ಭಾರತದ್ದೇ ಆದ ಐಎಸ್ಎಎ ಮಾಪಕದಲ್ಲಿ 40 ಅಂಶಗಳು, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಮೊತ್ತ 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ತಾಯಿಯನ್ನು ಕೇಳಿ ಅಂಕ ತುಂಬಿದರೆ ಸಾಲದು, ಮಗುವಿನ ಜೊತೆ ನೆಲದ ಮೇಲೆ ಕೂತು ಆಡಿ ನೋಡಬೇಕು.

ಇಲ್ಲಿ ಅಂಕಗಣಿತಕ್ಕೆ ಸ್ವಲ್ಪ ಸಮಯ ಕೊಡಿ. ಇಂದಿನ ಬಹುಪಾಲು ಐಕ್ಯೂ ಪರೀಕ್ಷೆಗಳಲ್ಲಿ ಸರಾಸರಿ 100, ಮಾನಕ ವಿಚಲನೆ (ಸರಾಸರಿಯಿಂದ ಅಂಕಗಳು ಹರಡಿರುವ ಅಳತೆ) 15. ಹಾಗಾಗಿ 85 ಎಂದರೆ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಕೆಳಗಿನಿಂದ ಸುಮಾರು 16ನೆಯ ಸ್ಥಾನ, 70 ಎಂದರೆ 2ನೆಯ ಸ್ಥಾನ. ಯಾವ ಅಂಕವೂ ಕಲ್ಲಿನ ಮೇಲಿನ ಗೆರೆಯಲ್ಲ, ಅದರ ಅಕ್ಕಪಕ್ಕ ಕೆಲವು ಅಂಕಗಳಷ್ಟು ಅಳತೆಯ ದೋಷ ಇದ್ದೇ ಇರುತ್ತದೆ. 69 ಬಂದ ಮಗುವಿಗೂ 72 ಬಂದ ಮಗುವಿಗೂ ನಡುವೆ ಬೇಲಿ ಹಾಕುವ ಮುನ್ನ ಅವರ ದಿನನಿತ್ಯದ ಬದುಕಿನ ಕೌಶಲವನ್ನು ನೋಡಲೇಬೇಕು. ಆ ಕೌಶಲದಲ್ಲಿ ಕೊರತೆ ಕಾಣದಿದ್ದರೆ ಬೌದ್ಧಿಕ ವೈಕಲ್ಯ ಎಂಬ ನಿರ್ಣಯವೇ ನಿಲ್ಲುವುದಿಲ್ಲ. ಹಳೆಯ ಮಾನಕಗಳ ವಿಷಯದಲ್ಲೂ ಎಚ್ಚರ ಬೇಕು. ಹಲವು ದಶಕಗಳ ಹಿಂದಿನ ಮಕ್ಕಳನ್ನು ಅಳೆದು ಕಟ್ಟಿದ ಪಟ್ಟಿಗೆ ಇಂದಿನ ಮಗುವನ್ನು ಹೋಲಿಸಿದರೆ ಅಂಕ ಇರಬೇಕಾದ್ದಕ್ಕಿಂತ ಮೇಲೆ ಬರುವ ಸಂಭವವೇ ಹೆಚ್ಚು.

ವಯಸ್ಸಿನ ಲೆಕ್ಕವನ್ನು ಮೊದಲು ಕಾಗದದ ಮೇಲೆ ಮಾಡಿ. ಪರೀಕ್ಷೆಯ ದಿನ 2025 ಜೂನ್ 10, ಹುಟ್ಟಿದ ದಿನ 2016 ಸೆಪ್ಟೆಂಬರ್ 25 ಎಂದಿಟ್ಟುಕೊಳ್ಳಿ. 10ರಲ್ಲಿ 25 ಹೋಗದು, ಒಂದು ತಿಂಗಳು ಕಡ ತಂದು 40ರಲ್ಲಿ 25 ಕಳೆದರೆ 15 ದಿನ. ಉಳಿದ 5 ತಿಂಗಳಿಗೆ ಒಂದು ವರ್ಷ ಕಡ ತಂದು 17ರಲ್ಲಿ 9 ಕಳೆದರೆ 8 ತಿಂಗಳು. 2024ರಲ್ಲಿ 2016 ಹೋದರೆ 8 ವರ್ಷ. 8 ವರ್ಷ 8 ತಿಂಗಳು 15 ದಿನ. ಇಲ್ಲಿ ತಪ್ಪಿದರೆ ನೋಡುವ ಕೋಷ್ಟಕವೇ ಬೇರೆಯಾಗಿ, ಮುಂದಿನ ಎಲ್ಲ ಅಂಕವೂ ತಪ್ಪುತ್ತದೆ. ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿದ ಹುಟ್ಟುಹಬ್ಬಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇವೆ. ತಾಯಿ ಕಾರ್ಡು ಅಥವಾ ಜನನ ಪ್ರಮಾಣಪತ್ರ ಕೇಳಿ ನೋಡಿ.

ಹಂತ 6: ಕನ್ನಡದ ಮಗುವನ್ನು ಅಳೆಯುವುದು

ಯಾವ ಕೋರ್ಸಿನ ಪಠ್ಯದಲ್ಲೂ ಇದಕ್ಕೆ ಸಾಕಷ್ಟು ಜಾಗ ಸಿಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಮಾಣೀಕರಣದ ಜೀವ ಇಲ್ಲಿದೆ.

ಇಂಗ್ಲಿಷಿನ ಮಗು 26 ಅಕ್ಷರ ಕಲಿಯುತ್ತದೆ. ಕನ್ನಡದಲ್ಲಿ 34 ವ್ಯಂಜನಗಳನ್ನು 13 ಸ್ವರಗಳಿಗೆ ಸೇರಿಸಿದರೆ ಕಾಗುಣಿತದ ರೂಪಗಳೇ 442. ಅದರ ಮೇಲೆ ಒತ್ತಕ್ಷರ. ಕನ್ನಡ ಅಕ್ಷರಗಳ ಕಲಿಕೆ ಮೊದಲೊಂದೆರಡು ವರ್ಷಕ್ಕೆ ಮುಗಿಯದೆ ಮೇಲಿನ ತರಗತಿಗಳವರೆಗೂ ಸಾಗುತ್ತದೆ ಎಂಬುದನ್ನು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಆದ್ದರಿಂದ ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದ ಮಾತ್ರಕ್ಕೆ ಅದನ್ನು ನ್ಯೂನತೆ ಎನ್ನಲಾಗದು. ಇಂಗ್ಲಿಷಿಗೆ ಬರೆದ ಪುಸ್ತಕದ ‘ಬಿ’ ಮತ್ತು ‘ಡಿ’ ತಿರುಗಿಸುವ ಲಕ್ಷಣವನ್ನು ಕನ್ನಡದಲ್ಲಿ ಹುಡುಕುತ್ತಾ ಕೂರುವುದರಿಂದಲೂ ಪ್ರಯೋಜನವಿಲ್ಲ. ಕನ್ನಡದಲ್ಲಿ ಕಣ್ಣಿಡಬೇಕಾದ್ದು ಬೇರೆ: ನಾಲ್ಕನೇ ತರಗತಿಯಲ್ಲೂ ಗುಣಿತದ ಚಿಹ್ನೆಗಳು ಬಿದ್ದುಹೋಗುವುದು, ‘ಅಕ್ಕ’ ಎಂಬುದು ‘ಅಕ’ ಆಗುವುದು, ತಪ್ಪಿಲ್ಲದಿದ್ದರೂ ಒಂದೊಂದೇ ಅಕ್ಷರ ಎಣಿಸುವಷ್ಟು ನಿಧಾನದ ಓದು, ಸಾಲು ಮುಗಿಯುವಷ್ಟರಲ್ಲಿ ಸಾಲಿನ ಮೊದಲು ಮರೆತುಹೋಗುವುದು.

ಆಡುಮಾತು ಮತ್ತು ತಪ್ಪು, ಇವೆರಡರ ಗಡಿ ನಿಮಗೆ ತಿಳಿದಿರಬೇಕು. ಹಳೆ ಮೈಸೂರಿನ ಹಳ್ಳಿಯ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆದರೆ ಅದು ಮನೆಯ ಮಾತನ್ನು ಕಿವಿಗೆ ಬಿದ್ದಂತೆ ನಿಷ್ಠೆಯಿಂದ ಬರೆದಿದೆ. ಮಹಾಪ್ರಾಣ ಬಿಡುವುದು, ಶ-ಸ ಒಂದಾಗುವುದು, ಣ-ನ, ಳ-ಲ ಅದಲುಬದಲಾಗುವುದು ಇವೂ ಹಾಗೆಯೇ. ಇಂಥ ತಪ್ಪುಗಳನ್ನು ಎಣಿಸಿ ಡಿಸ್‌ಗ್ರಾಫಿಯಾ ಎಂದು ಬರೆದ ವರದಿಗಳು ನನ್ನ ಕಣ್ಣಿಗೆ ಬಿದ್ದಿವೆ. ನೋಡಿದಾಗ ಹೊಟ್ಟೆ ಉರಿಯುತ್ತದೆ. ಅದೇ ಮಗುವಿನ ಅಕ್ಕ, ಅಣ್ಣ, ಪಕ್ಕದ ಮನೆಯ ಗೆಳೆಯ ಹೇಗೆ ಬರೆಯುತ್ತಾರೆ ಎಂದು ಒಮ್ಮೆ ನೋಡಿದರೆ ಉತ್ತರ ಸಿಗುತ್ತದೆ.

ಮನೆಮಾತು ಕೇಳಿ ತಿಳಿಯಿರಿ. ತುಳು, ಕೊಂಕಣಿ, ಉರ್ದು, ಬ್ಯಾರಿ, ಲಂಬಾಣಿ, ಕೊಡವ ಮಾತಾಡುವ ಮಗುವಿಗೆ ಕನ್ನಡವೇ ಎರಡನೆಯದು, ಇಂಗ್ಲಿಷ್ ಮೂರನೆಯದು. ಹಳ್ಳಿಯಿಂದ ಬಂದು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಮಗುವಿನ ಓದನ್ನು ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿ ನಿರ್ಣಯ ಹೇಳಬಾರದು. ನಿಜವಾದ ಓದಿನ ನ್ಯೂನತೆ ಇದ್ದರೆ ಕಲಿತ ಎಲ್ಲ ಭಾಷೆಗಳಲ್ಲೂ ಅದರ ನೆರಳು ಸಾಮಾನ್ಯವಾಗಿ ಕಾಣುತ್ತದೆ. ಒಂದರಲ್ಲಿ ಮಾತ್ರ ಕಂಡರೆ ಪಾಠ ಸಿಕ್ಕಿದೆಯೇ ಎಂದು ಮೊದಲು ಕೇಳಬೇಕು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಹೋಗುವ ಕುಟುಂಬದ ಮಗು ವರ್ಷದಲ್ಲಿ ಹಲವು ತಿಂಗಳು ಶಾಲೆಯನ್ನೇ ಕಂಡಿರುವುದಿಲ್ಲ. ಹಾಜರಿ ಪುಸ್ತಕ ನೋಡದೆ ಆ ಮಗುವಿಗೆ ಯಾವ ಹಣೆಪಟ್ಟಿಯನ್ನೂ ಅಂಟಿಸಬೇಡಿ. ಕಣ್ಣು ಮತ್ತು ಕಿವಿಯ ಪರೀಕ್ಷೆ ಎಲ್ಲಕ್ಕೂ ಮೊದಲು ಆಗಿರಬೇಕು. ಕಿವಿ ಸೋರುವ ಮಗುವಿಗೆ ಉಕ್ತಲೇಖನ ಕೊಟ್ಟು ಅಂಕ ಹಾಕುವುದು ಅನ್ಯಾಯ.

ಹಂತ 7: ವರದಿ

ಯಾಕೆ ಕಳಿಸಿದರು, ಹಿನ್ನೆಲೆ, ಪರೀಕ್ಷೆ ನಡೆದ ಭಾಷೆ, ಆ ದಿನ ಮಗು ಹೇಗಿತ್ತು, ಬಳಸಿದ ಸಾಧನಗಳು, ಅಂಕಗಳು, ಅವುಗಳ ಅರ್ಥ, ನಿರ್ಣಯ, ಸಲಹೆ, ನಿಮ್ಮ ಹೆಸರು, ಅರ್ಹತೆ, ಸಿಆರ್‌ಆರ್ ಸಂಖ್ಯೆ, ದಿನಾಂಕ. ಯಾವುದೂ ಬಿಡುವಂತಿಲ್ಲ. ‘ಸೋಮಾರಿ’, ‘ಮಂದ’, ‘ಹಠಮಾರಿ’ ಎಂಬ ಪದಗಳು ಒಳಬರಬಾರದು. ‘ಹತ್ತು ನಿಮಿಷದ ನಂತರ ಕುರ್ಚಿಯಿಂದ ಎದ್ದು ಓಡಾಡಿದ, ನೀರು ಕುಡಿದು ಬಂದ ಮೇಲೆ ಕೆಲಸ ಮುಗಿಸಿದ’ ಎಂದು ಕಂಡದ್ದನ್ನು ಬರೆಯಿರಿ.

ಸಲಹೆಯ ಭಾಗಕ್ಕೆ ಬಂದಾಗ ಕೈ ಸೋಲುವುದು ಸಹಜ. ‘ವಿಶೇಷ ಶಿಕ್ಷಣ ಕೊಡಿಸಿ’ ಎಂಬ ಒಂದು ಸಾಲು ಯಾರಿಗೂ ಉಪಯೋಗವಿಲ್ಲ. ‘ದಿನಕ್ಕೆ 20 ನಿಮಿಷ ಒತ್ತಕ್ಷರವಿಲ್ಲದ ಪದಗಳಿಂದ ಶುರುಮಾಡಿ, ಸಜಾತಿ ಒತ್ತು, ನಂತರ ವಿಜಾತಿ ಒತ್ತು, ಬೋರ್ಡಿನಿಂದ ನಕಲು ಬರೆಸುವ ಬದಲು ಮುದ್ರಿತ ಹಾಳೆ ಕೊಡಿ’ ಎಂದರೆ ಶಿಕ್ಷಕರು ನಾಳೆಯೇ ಮಾಡಬಲ್ಲರು. ತಂದೆತಾಯಿಗೆ ಒಂದು ಪುಟದ ಕನ್ನಡ ಸಾರಾಂಶ ಕೊಟ್ಟು, ಎದುರು ಕೂತು ಓದಿ ಹೇಳಿ. ‘ಅಮ್ಮಾ, ನಿಮ್ಮ ಮಗು ದಡ್ಡ ಅಲ್ಲ, ಓದುವ ದಾರಿ ಅವನಿಗೆ ಬೇರೆ ಬೇಕು’ ಎಂಬ ಮಾತಿಗೆ ಕಾದು ಬಂದ ತಾಯಂದಿರು ಬಹಳ. ವರದಿಯ ಪ್ರತಿ ಅವರ ಒಪ್ಪಿಗೆಯಿಲ್ಲದೆ ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ ಹೋಗಕೂಡದು.

ವರದಿ ಮುಂದೆ ಹೋಗುವ ದಾರಿ

ಕೇಂದ್ರ ಸರ್ಕಾರದ 2018 ಜನವರಿ 4ರ ಮಾರ್ಗಸೂಚಿ ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ 8 ವರ್ಷವನ್ನು ಆರಂಭದ ವಯಸ್ಸಾಗಿಟ್ಟಿತು. 14 ಮತ್ತು 18ರಲ್ಲಿ ಮತ್ತೆ ಪರೀಕ್ಷೆ. ಐಕ್ಯೂ ನೋಡಿದ ಮೇಲೆ ನಿಮ್ಹಾನ್ಸ್ ಸರಣಿ ಬಳಸಬೇಕೆಂದೂ ಹೇಳಿತು. 2024ರ ಮಾರ್ಚ್‌ನಲ್ಲಿ ಪರಿಷ್ಕೃತ ಮಾರ್ಗಸೂಚಿ ಬಂದಿದೆ. ಅದರ ಮುದ್ರಿತ ಪ್ರತಿ ಮೇಜಿನ ಮೇಲಿರಲಿ. ಪರೀಕ್ಷೆಯಲ್ಲಿ ಸ್ಕ್ರೈಬ್ (ಮಗುವಿನ ಪರವಾಗಿ ಉತ್ತರ ಬರೆಯುವವರು) ಮತ್ತು ಹೆಚ್ಚುವರಿ ಸಮಯಕ್ಕೆ 2018 ಆಗಸ್ಟ್ 29ರ ಮಾರ್ಗಸೂಚಿ ದಾರಿ ಮಾಡಿಕೊಟ್ಟಿತು: ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಶೇಕಡ 40ಕ್ಕಿಂತ ಕಡಿಮೆ ವೈಕಲ್ಯ ಇರುವವರಿಗೂ ಬರೆಯಲು ತೊಂದರೆಯಿದ್ದರೆ ಸ್ಕ್ರೈಬ್ ನಿರಾಕರಿಸಬಾರದೆಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಹೇಳಿತು. ಅದರಂತೆ 2022ರ ಆಗಸ್ಟಿನಲ್ಲಿ ಬೇರೆ ಮಾರ್ಗಸೂಚಿಯೂ ಬಂತು. ಎಸ್‌ಎಸ್‌ಎಲ್‌ಸಿ ಮಕ್ಕಳ ಅರ್ಜಿ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಹೋಗುತ್ತದೆ. ಒಂಬತ್ತನೇ ತರಗತಿಯಲ್ಲೇ ಕಾಗದ ಸಿದ್ಧಮಾಡಿಸಿ.

ಕೆಲಸ, ನವೀಕರಣ, ಹೊರದೇಶ

ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ವಿಶೇಷ ಶಿಕ್ಷಕರ ಪ್ರಮಾಣವನ್ನು ಪ್ರಾಥಮಿಕದಲ್ಲಿ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ಎಂದು ಗೊತ್ತುಮಾಡಿತು. 2025ರ ಮಾರ್ಚ್‌ನಲ್ಲಿ ಹುದ್ದೆಗಳನ್ನು ಸೃಷ್ಟಿಸಿ ತುಂಬುವಂತೆ ರಾಜ್ಯಗಳಿಗೆ ಆದೇಶಿಸಿತು. ನಮ್ಮಲ್ಲಿ ಬ್ಲಾಕ್ ಮಟ್ಟದ ಬಿಐಇಆರ್‌ಟಿ ಸಂಪನ್ಮೂಲ ಶಿಕ್ಷಕರು ವೈದ್ಯಕೀಯ ಮೌಲ್ಯಾಂಕನ ಶಿಬಿರಗಳನ್ನು ನಡೆಸಿ, ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುತ್ತಾರೆ. ಹೊಸಬರು ಸ್ವಂತ ಕ್ಲಿನಿಕ್ ತೆರೆಯುವ ಮುನ್ನ ಇವರ ಜೊತೆ ಒಂದು ಶೈಕ್ಷಣಿಕ ವರ್ಷ ತಿರುಗಾಡಬೇಕೆಂಬುದು ನನ್ನ ಒತ್ತಾಯದ ಸಲಹೆ.

ಸಿಆರ್‌ಆರ್ ನೋಂದಣಿಯ ಅವಧಿ ಐದು ವರ್ಷ. ನವೀಕರಣಕ್ಕೆ ಆ ಅವಧಿಯಲ್ಲಿ 100 ಸಿಆರ್‌ಇ (ಮುಂದುವರಿದ ಪುನರ್ವಸತಿ ಶಿಕ್ಷಣ) ಅಂಕ ಸಂಗ್ರಹಿಸಿರಬೇಕು. ವರ್ಷಕ್ಕೆ 20ರಂತೆ ಸೇರಿಸುತ್ತಾ ಹೋದರೆ ಕೊನೆಯ ತಿಂಗಳ ಧಾವಂತ ತಪ್ಪುತ್ತದೆ. ಕಾರ್ಯಾಗಾರಕ್ಕೆ ಹಣ ಕಟ್ಟುವ ಮುನ್ನ ಅದಕ್ಕೆ ಪರಿಷತ್ತಿನ ಅನುಮತಿ ಇದೆಯೇ ನೋಡಿ. ಪ್ರತಿ ಪ್ರಮಾಣಪತ್ರವನ್ನೂ ಸ್ಕ್ಯಾನ್ ಮಾಡಿಡಿ.

ಹೊರದೇಶಕ್ಕೆ ಹೋಗುವ ಕನ್ನಡಿಗರಿಗೆ ಒಂದು ಮಾತು: ಆರ್‌ಸಿಐ ನಂಬರು ಅಲ್ಲಿ ನೇರವಾಗಿ ನಡೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಕಲಿಕಾ ನ್ಯೂನತೆ ಅಳೆಯುವ ಶಿಕ್ಷಕರಿಗೆ ಎಪಿಸಿ ಎಂಬ ವೃತ್ತಿ ಪ್ರಮಾಣಪತ್ರ ಇದೆ, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಟೆಕ್ಸಾಸಿನಲ್ಲಿ ‘ಎಜುಕೇಶನಲ್ ಡಯಗ್ನಾಸ್ಟೀಶಿಯನ್’ ಎಂಬ ಪ್ರತ್ಯೇಕ ಹುದ್ದೆಯೇ ಇದ್ದು, ಸ್ನಾತಕೋತ್ತರ ಪದವಿ, ಎರಡು ವರ್ಷದ ಬೋಧನಾ ಅನುಭವ ಮತ್ತು ರಾಜ್ಯದ ಪರೀಕ್ಷೆ ಬೇಕಾಗುತ್ತದೆ. ಹೋಗುವವರು ತಾವು ಇಲ್ಲಿ ನಡೆಸಿದ ಪರೀಕ್ಷೆಗಳ ಪಟ್ಟಿ, ಮೇಲ್ವಿಚಾರಕರ ಸಹಿಯಿರುವ ಪ್ರಾಯೋಗಿಕ ಗಂಟೆಗಳ ದಾಖಲೆ, ಪಠ್ಯಕ್ರಮದ ಪ್ರತಿ ಇವನ್ನು ಕಾಲೇಜಿನ ಮೊಹರಿನೊಂದಿಗೆ ಮೊದಲೇ ತೆಗೆದಿಟ್ಟುಕೊಳ್ಳಬೇಕು. ಆಮೇಲೆ ದೂರದಿಂದ ಕೇಳಿ ಪಡೆಯುವುದು ಬಹಳ ಕಷ್ಟ.